ಮೇಲಿನ ಮನೆ ನೀರು, ಕೆಳಗಿನ ಮನೆ ಗೋಡೆ: ಖರ್ಚು ಯಾರು ಕೊಡಬೇಕು?

"ನಿಮ್ಮ ನೀರು ನಮ್ಮ ಗ್ವಾಡಿಗೆ ಬರಾಕತ್ತೈತಿ, ಸ್ವಲ್ಪ ನೋಡ್ರಿ."
"ಅದು ನಮ್ಮ ನೀರಲ್ರೀ, ಮಳಿ ನೀರು."

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಯಾವ ಊರಿನ ಯಾವ ಓಣಿಗೆ ಹೋದರೂ ಈ ಎರಡು ಸಾಲಿನ ಮಾತು ಕೇಳಿಸುತ್ತೆ. ಆಮೇಲೆ ಏನಾಗುತ್ತೆ ಅನ್ನೋದೂ ಎಲ್ಲರಿಗೂ ಗೊತ್ತು. ಎರಡು ಮನೆ ನಡುವೆ ಮಾತು ನಿಲ್ಲುತ್ತೆ, ನೀರು ಮಾತ್ರ ನಿಲ್ಲಲ್ಲ. ಕೊನೆಗೆ ಕೆಳಗಿನವರು ತಮ್ಮ ಖರ್ಚಲ್ಲೇ ಗಾರೆ ಮಾಡಿಸಿ, ಬಣ್ಣ ಹೊಡೆಸಿ ಸುಮ್ಮನಾಗ್ತಾರೆ. ಮುಂದಿನ ವರ್ಷ ಅದೇ ಗೋಡೆ ಮತ್ತೆ ಒದ್ದೆ.

ಪಕ್ಕದ ಅಥವಾ ಮೇಲಿನ ಮನೆಯ ನೀರಿನಿಂದ ನಮ್ಮ ಮನೆ ಹಾಳಾದರೆ ಆ ಖರ್ಚನ್ನು ವಾಪಸ್ ಪಡೆಯೋದು ಹೇಗೆ? ಈ ಲೇಖನದಲ್ಲಿ ಅದನ್ನು ಪಾಠದ ತರಹ ನೋಡೋಣ. ಇದರಲ್ಲಿ ಅರ್ಧ ಸಿವಿಲ್ ಇಂಜಿನಿಯರಿಂಗ್ ಇದೆ, ಇನ್ನರ್ಧ ಕಾನೂನು. ಎರಡೂ ಸೇರಿ ಹೇಳೋ ವಿಷಯ ಮಾತ್ರ ಒಂದೇ: ಮನೆ ನೀರಿನ ಕೇಸ್ ನಿಲ್ಲೋದು ತಾರೀಖು ಹಾಕಿದ ಒಂದು ಕಾಗದದ ಮೇಲೆ. ಯಾಕೆ ಅಂತ ಒಂದೊಂದಾಗಿ ನೋಡೋಣ.

1. ಮಳೆ ಕಡಿಮೆ ಇರೋ ಜಿಲ್ಲೆಯಲ್ಲಿ ಗೋಡೆ ಯಾಕೆ ನೆನೆಯುತ್ತೆ?

ನಮ್ಮದು ಮಲೆನಾಡಲ್ಲ. ಮಳೆ ಬಂದರೆ ಹಬ್ಬ ಅನ್ನೋ ಜಿಲ್ಲೆ. ಹಾಗಾದರೆ ಇಷ್ಟು ಸೋರಿಕೆ ಎಲ್ಲಿಂದ? ಉತ್ತರ ಸಿಂಪಲ್. ನಲ್ಲಿ ನೀರು ದಿನಾ ಬರಲ್ಲ ಅಂತ ನಾವು ನೀರು ಕೂಡಿಡುತ್ತೇವೆ. ನೆಲದಲ್ಲಿ ಸಂಪು, ಮಾಳಿಗೆ ಮೇಲೆ ಪ್ಲಾಸ್ಟಿಕ್ ಟ್ಯಾಂಕ್, ಬಚ್ಚಲಲ್ಲಿ ಸಿಮೆಂಟ್ ತೊಟ್ಟಿ, ಬಾಗಿಲ ಹತ್ತಿರ ಡ್ರಮ್ಮು. ನೀರು ಬಿಟ್ಟ ದಿನ ಮೋಟರ್ ಹಾಕಿ ಮರೆತರೆ ಟ್ಯಾಂಕ್ ತುಂಬಿ ಗೋಡೆ ಮೇಲೆ ಹರಿಯುತ್ತೆ. ಅಂದರೆ ನಮ್ಮ ಕಡೆ ಗೋಡೆ ಕೆಡಿಸೋದು ಮಳೆಗಿಂತ ಹೆಚ್ಚಾಗಿ ಕೂಡಿಟ್ಟ ನೀರು.

ಇನ್ನೊಂದು ಕಾರಣ ಮನೆ ಕಟ್ಟಿರೋ ರೀತಿ. ಹಳೇ ಓಣಿಗಳಲ್ಲಿ ಎರಡು ಮನೆಗೆ ಒಂದೇ ಗೋಡೆ ಇರುತ್ತೆ. ಆಚೆ ಅವರ ಬಚ್ಚಲು, ಈಚೆ ಇವರ ದೇವರ ಮನೆ. ಗೋಡೆ ಕಲ್ಲು ಮತ್ತು ಮಣ್ಣಿನದು, ಮೇಲೆ ಮಣ್ಣಿನ ಮಾಳಿಗೆ. ಸಿಮೆಂಟ್ ಗೋಡೆ ನೆನೆದರೆ ಬಣ್ಣ ಉದುರುತ್ತೆ. ಮಣ್ಣಿನ ಗೋಡೆ ನೆನೆದರೆ ಅದರ ಬಲವೇ ಹೋಗುತ್ತೆ, ಒಂದು ರಾತ್ರಿ ಮಲಗಿದವರ ಮೇಲೆ ಕುಸಿಯಬಹುದು. ಹಾಗಾಗಿ ಇದನ್ನು ಬರೀ ಬಣ್ಣದ ಜಗಳ ಅಂತ ನೋಡಬಾರದು. ಕುಷ್ಟಗಿ, ಯಲಬುರ್ಗಾ ಕಡೆಯ ಎರೆಭೂಮಿಯಲ್ಲಿ ಮತ್ತೊಂದು ತೊಂದರೆ ಇದೆ. ಕಪ್ಪು ಮಣ್ಣು ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಪಕ್ಕದವರ ಸಂಪು ಸೋರಿದರೆ ಪಾಯದ ಒಂದು ಭಾಗ ಮಾತ್ರ ಎದ್ದು ಗೋಡೆಯಲ್ಲಿ ಓರೆಯಾಗಿ ಬಿರುಕು ಬರುತ್ತೆ. ಮಳೆನೂ ಇಲ್ಲ, ನೀರೂ ಕಾಣಲ್ಲ, ಆದರೂ ಮನೆ ಸೀಳುತ್ತೆ.

ಹಾಳಾಗೋದು ಗೋಡೆ ಒಂದೇ ಅಲ್ಲ. ಗಂಗಾವತಿಯಲ್ಲಿ ವರ್ಷಕ್ಕಾಗುವಷ್ಟು ಅಕ್ಕಿ ಚೀಲ ಗೋಡೆಗೆ ಒರಗಿಸಿ ಇಟ್ಟಿರ್ತಾರೆ. ಭಾಗ್ಯನಗರದಲ್ಲಿ ಮನೆಯೊಳಗೇ ಮಗ್ಗ ಇರುತ್ತೆ. ಕಿನ್ನಾಳದಲ್ಲಿ ಬೊಂಬೆ ಮಾಡೋವರ ಮನೆಯಲ್ಲಿ ಒಣಗಿಸಿಟ್ಟ ಮರ ಇರುತ್ತೆ. ಇವರಿಗೆ ಮೇಲಿಂದ ಒಂದು ಕೊಡ ನೀರು ಬಿತ್ತು ಅಂದರೆ ಒಂದು ತಿಂಗಳ ದುಡಿಮೆ ಹೋಯಿತು ಅಂತ ಅರ್ಥ.

2. ಐದು ನೀರು, ಐದು ತೀರ್ಪು

ನಮ್ಮ ದೇಶದಲ್ಲಿ "ಪಕ್ಕದವರ ನೀರಿನ ಕಾಯ್ದೆ" ಅಂತ ಒಂದು ಪುಸ್ತಕ ಇಲ್ಲ. ಇಂಥ ನಷ್ಟಕ್ಕೆ ಟಾರ್ಟ್ ಅಂತಾರೆ. ಒಪ್ಪಂದ ಇಲ್ಲದಿದ್ದರೂ ಒಬ್ಬರಿಂದ ಇನ್ನೊಬ್ಬರಿಗೆ ಆದ ಅನ್ಯಾಯದ ಹಾನಿ ಅಂತ ಅದರ ಅರ್ಥ. ಇದರ ನಿಯಮಗಳು ಬೆಳೆದಿರೋದು ಕೋರ್ಟ್ ತೀರ್ಪುಗಳಿಂದ. ಇಂಗ್ಲೆಂಡಿನ ತೀರ್ಪುಗಳು ನಮ್ಮ ಕೋರ್ಟ್‌ಗಳನ್ನು ಕಟ್ಟಿಹಾಕಲ್ಲ, ಆದರೆ ಅವುಗಳ ತತ್ವವನ್ನು ಇಲ್ಲೂ ಬಳಸ್ತಾರೆ. ಐದು ಕೇಸ್ ನೋಡಿದರೆ ನಮ್ಮ ವಿಷಯ ಸ್ಪಷ್ಟ ಆಗುತ್ತೆ.

ಒಂದು. ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಕೇಸ್, 1868. ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ ಒಬ್ಬ ಗಿರಣಿ ಮಾಲೀಕ ತನ್ನ ಗಿರಣಿಗೆ ನೀರಿನ ಕೆರೆ ಕಟ್ಟಿಸಿದ. ಅದರ ತಳದಲ್ಲಿ ಹಳೇ ಗಣಿಯ ಬಾವಿಗಳಿದ್ದವು. ನೀರು ಅವುಗಳ ಮೂಲಕ ಇಳಿದು ಪಕ್ಕದವನ ಗಣಿಗೆ ನುಗ್ಗಿತು. ಮಾಲೀಕನ ತಪ್ಪು ಏನೂ ಇರಲಿಲ್ಲ, ಕೆಲಸ ಮಾಡಿದ್ದು ಕಂಟ್ರಾಕ್ಟರ್. ಆದರೂ ಕೋರ್ಟ್ ಮಾಲೀಕನನ್ನೇ ಹೊಣೆ ಮಾಡಿತು. ಹೊರಗೆ ಹೋದರೆ ಹಾನಿ ಮಾಡುವಂಥ ವಸ್ತುವನ್ನು ನಿಮ್ಮ ಜಾಗಕ್ಕೆ ತಂದು ಕೂಡಿಟ್ಟರೆ, ಅದು ತಪ್ಪಿಸಿಕೊಂಡಾಗ ನೀವೇ ಜವಾಬ್ದಾರರು ಅನ್ನೋದು ತತ್ವ. ಇಲ್ಲಿ "ನಂದೇನು ತಪ್ಪು?" ಅನ್ನೋ ಪ್ರಶ್ನೆಗೆ ಬೆಲೆ ಇಲ್ಲ.

ಎರಡು. ಮದ್ರಾಸ್ ರೈಲ್ವೆ ಕಂಪನಿ ಮತ್ತು ಕಾರ್ವೇಟಿನಗರದ ಜಮೀನ್ದಾರರ ಕೇಸ್, 1874. ಇದು ಈಗಿನ ಆಂಧ್ರಪ್ರದೇಶದ್ದು. ಜಮೀನ್ದಾರಿಯ ಕೆರೆಗಳು ದೊಡ್ಡ ಮಳೆಗೆ ಒಡೆದು ರೈಲು ದಾರಿ ಕೊಚ್ಚಿಹೋಯಿತು. ಕಂಪನಿ ಪರಿಹಾರ ಕೇಳಿತು. ಲಂಡನ್ನಿನ ಪ್ರಿವಿ ಕೌನ್ಸಿಲ್ ಕೊಡಲಿಲ್ಲ. ಕೆರೆಗಳು ಹಿಂದಿನ ಕಾಲದಿಂದ ಬಂದವು, ಜನರ ಬದುಕಿಗೆ ಬೇಕಾದವು, ಅವನ್ನು ಕಾಪಾಡೋದು ಜಮೀನ್ದಾರರ ಕರ್ತವ್ಯ, ಅಲಕ್ಷ್ಯ ಇದ್ದರೆ ಮಾತ್ರ ಅವರು ಹೊಣೆ ಅಂತ ಹೇಳಿತು. ಗಿರಣಿಯ ಕೆರೆಗೂ ಊರಿನ ಕೆರೆಗೂ ವ್ಯತ್ಯಾಸ ಇದೆ ಅಂತಾಯಿತು.

ಮೂರು. ರಿಕಾರ್ಡ್ಸ್ ಮತ್ತು ಲೋಥಿಯನ್ ಕೇಸ್, 1913. ನಮ್ಮ ವಿಷಯಕ್ಕೆ ತುಂಬಾ ಹತ್ತಿರ. ಆಸ್ಟ್ರೇಲಿಯಾದ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಯಾರೋ ಬೇಕಂತಲೇ ಬೇಸಿನ್ ಕಟ್ಟಿಸಿ ನಲ್ಲಿ ಬಿಟ್ಟು ಹೋದರು. ನೀರು ಇಳಿದು ಎರಡನೇ ಮಹಡಿಯಲ್ಲಿದ್ದ ವ್ಯಾಪಾರಿಯ ಸರಕು ಹಾಳಾಯಿತು. ಪ್ರಿವಿ ಕೌನ್ಸಿಲ್ ಕಟ್ಟಡದ ಮಾಲೀಕರನ್ನು ಹೊಣೆ ಮಾಡಲಿಲ್ಲ. ಮನೆ, ಆಫೀಸಿಗೆ ನಲ್ಲಿ ನೀರು ಇರೋದು ಸಹಜ ಬಳಕೆ, ಅದಕ್ಕೆ ರೈಲ್ಯಾಂಡ್ಸ್ ನಿಯಮ ಅನ್ವಯಿಸಲ್ಲ ಅಂತ ಹೇಳಿತು.

ಇಲ್ಲಿ ನಿಂತು ಸ್ವಲ್ಪ ಯೋಚನೆ ಮಾಡಿ. ಮೇಲಿನ ಮನೆಯ ಪೈಪ್ ಒಡೆಯಿತು ಅನ್ನೋದಷ್ಟನ್ನೇ ತೋರಿಸಿದರೆ ದುಡ್ಡು ಬರಲ್ಲ. ಅವರು ಮಾಡಬೇಕಾದ್ದನ್ನು ಮಾಡಲಿಲ್ಲ ಅಂತ ತೋರಿಸಬೇಕು. ಅದನ್ನು ಹೇಗೆ ತೋರಿಸೋದು? ಉತ್ತರ ಮುಂದಿನ ಕೇಸಲ್ಲಿದೆ.

ನಾಲ್ಕು. ಸೆಡ್ಲಿ ಡೆನ್‌ಫೀಲ್ಡ್ ಮತ್ತು ಓ'ಕ್ಯಾಲಹನ್ ಕೇಸ್, 1940. ಇಂಗ್ಲೆಂಡಿನಲ್ಲಿ ಒಂದು ಧಾರ್ಮಿಕ ಸಂಸ್ಥೆಯ ಜಮೀನಿನ ಕಾಲುವೆಯಲ್ಲಿ ಸ್ಥಳೀಯ ಆಡಳಿತದವರು ಅನುಮತಿ ಇಲ್ಲದೆ ಪೈಪ್ ಹಾಕಿದ್ದರು. ಕಸ ತಡೆಯೋ ಜಾಲರಿ ಸರಿಯಾದ ಜಾಗದಲ್ಲಿ ಇರಲಿಲ್ಲ. ಕೆಲವು ವರ್ಷ ಆದಮೇಲೆ ಒಂದು ಜೋರು ಮಳೆಗೆ ಎಲೆ ಸಿಕ್ಕಿ ಪೈಪ್ ಕಟ್ಟಿಕೊಂಡು ಪಕ್ಕದ ತೋಟಕ್ಕೆ ನೀರು ನುಗ್ಗಿತು. ಪೈಪ್ ಹಾಕಿದ್ದು ಸಂಸ್ಥೆ ಅಲ್ಲ. ಆದರೂ ಹೌಸ್ ಆಫ್ ಲಾರ್ಡ್ಸ್ ಸಂಸ್ಥೆಯನ್ನೇ ಹೊಣೆ ಮಾಡಿತು. ಯಾಕಂದರೆ ಪೈಪ್ ಇರೋದು ಅವರಿಗೆ ಗೊತ್ತಿತ್ತು, ಸರಿ ಮಾಡೋದು ಕಷ್ಟ ಇರಲಿಲ್ಲ, ಆದರೂ ಮಾಡಲಿಲ್ಲ.

ಗೊತ್ತಿತ್ತು. ಸರಿ ಮಾಡಬಹುದಿತ್ತು. ಮಾಡಲಿಲ್ಲ. ಈ ಮೂರು ಮಾತೇ ಇಡೀ ಪಾಠ.

ಐದು. ಮುಕೇಶ್ ಟೆಕ್ಸ್‌ಟೈಲ್ ಮಿಲ್ಸ್ ಮತ್ತು ಸುಬ್ರಹ್ಮಣ್ಯ ಶಾಸ್ತ್ರಿ ಕೇಸ್, ನಮ್ಮ ಕರ್ನಾಟಕ ಹೈಕೋರ್ಟ್‌ದು, 1987ರ ಕಾನೂನು ವರದಿಯಲ್ಲಿದೆ. ಸಕ್ಕರೆ ಕಾರ್ಖಾನೆಯೊಂದು ಕಾಕಂಬಿಯನ್ನು ಮಣ್ಣಿನ ಏರಿಯ ತೊಟ್ಟಿಯಲ್ಲಿ ಕೂಡಿಟ್ಟಿತ್ತು. ಇಲಿಗಳು ಏರಿಗೆ ಬಿಲ ತೋಡಿದವು. ಏರಿ ಒಡೆದು ಕಾಕಂಬಿ ನೀರಿನ ಕಾಲುವೆಗೆ ಸೇರಿ ಪಕ್ಕದ ರೈತರ ಭತ್ತ, ಕಬ್ಬಿನ ಹೊಲಕ್ಕೆ ಹೋಯಿತು. ಕೋರ್ಟ್ ಕಾರ್ಖಾನೆಯನ್ನು ಹೊಣೆ ಮಾಡಿತು. ಮಣ್ಣಿನ ಏರಿಗೆ ಇಲಿ ಬಿಲ ತೋಡೋದು ಯಾರೂ ಊಹಿಸಲಾಗದ ವಿಷಯ ಅಲ್ಲವಲ್ಲ!

ಐದನ್ನೂ ಸೇರಿಸಿದರೆ ನಿಯಮ ಹೀಗೆ ಬರುತ್ತೆ. ವ್ಯಾಪಾರಕ್ಕಾಗಿ ದೊಡ್ಡ ಪ್ರಮಾಣದಲ್ಲಿ ಕೂಡಿಟ್ಟಿದ್ದರೆ ಹೊಣೆ ಭಾರಿ. ಮನೆ ಬಳಕೆಯ ನೀರಾದರೆ ಅಲಕ್ಷ್ಯ ತೋರಿಸಬೇಕು. ಅಲಕ್ಷ್ಯ ತೋರಿಸೋಕೆ ಸುಲಭದ ದಾರಿ, ಅವರಿಗೆ ಗೊತ್ತಿತ್ತು ಅಂತ ತೋರಿಸೋದು. ಮೊದಲ ಹನಿಗೆ ಮೇಲಿನವರು ಹೊಣೆ ಅಲ್ಲದೇ ಇರಬಹುದು. ತಿಳಿಸಿದ ಮೇಲೂ ಬಿದ್ದ ಹನಿಗೆ ತಪ್ಪಿಸಿಕೊಳ್ಳೋದು ಕಷ್ಟ.

3. ನೀರು ಯಾರದು? ಪರೀಕ್ಷೆ ಮಾಡಿ

ಕಾಗದ ಬರೆಯೋ ಮೊದಲು ನೀರಿನ ಮೂಲ ಗೊತ್ತಾಗಬೇಕು. ಸುಮ್ಮನೆ ಆರೋಪ ಮಾಡಿದರೆ ಜಗಳ ಆಗುತ್ತೆ, ಕೇಸ್ ಆಗಲ್ಲ. ಇಲ್ಲಿ ನಮ್ಮ ಇಂಜಿನಿಯರಿಂಗ್ ಉಪಯೋಗಕ್ಕೆ ಬರುತ್ತೆ. ಯಾವ ಮಷೀನೂ ಬೇಡ.

ಮೊದಲು ಕಲೆ ಎಲ್ಲಿದೆ ನೋಡಿ. ನೆಲದಿಂದ ಮೇಲಕ್ಕೆ ಸುಮಾರು ಒಂದು ಮೀಟರ್ ತನಕ ಒದ್ದೆ, ಅದರ ಅಂಚಿಗೆ ಬಿಳಿ ಉಪ್ಪು ಇದ್ದರೆ ಅದು ಸಾಮಾನ್ಯವಾಗಿ ನಮ್ಮ ಪಾಯದಿಂದಲೇ ಏರಿದ ತೇವ. ದೀಪದ ಬತ್ತಿ ಎಣ್ಣೆ ಹೀರೋ ಹಾಗೆ ಗೋಡೆ ನೆಲದ ನೀರು ಹೀರುತ್ತೆ. ಇದಕ್ಕೆ ಪಕ್ಕದವರನ್ನು ಬೈದು ಪ್ರಯೋಜನ ಇಲ್ಲ, ಅವರ ಸಂಪು ಸೋರುತ್ತಿದ್ದರೆ ಮಾತು ಬೇರೆ. ಸೀಲಿಂಗ್‌ನಿಂದ ಕೆಳಕ್ಕೆ ಇಳಿದಿದ್ದರೆ ಮೇಲಿನ ನೀರು. ಗೋಡೆ ನಡುವೆ ದುಂಡಗೆ ಹರಡಿದ್ದರೆ ಒಳಗಿನ ಪೈಪ್ ಮೇಲೆ ಅನುಮಾನ ಪಡಬಹುದು.

ಎರಡನೆಯದು ಹೊತ್ತು. ಮಳೆ ಬಂದಾಗ ಮಾತ್ರ ಒದ್ದೆಯಾದರೆ ಮಾಳಿಗೆ ಅಥವಾ ಹೊರಗೋಡೆ. ಅವರು ಸ್ನಾನ ಮಾಡಿದ ಮೇಲೆ ಜಾಸ್ತಿಯಾದರೆ ಬಚ್ಚಲ ನೆಲ ಅಥವಾ ಹೊರಹೋಗೋ ಪೈಪ್. ದಿನದ 24 ಗಂಟೆನೂ ಒಂದೇ ತರಹ ಇದ್ದರೆ ಒತ್ತಡ ಇರೋ ಪೈಪ್ ಅಥವಾ ಟ್ಯಾಂಕ್. ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಚಿತ್ರ ತಾನಾಗಿ ಮೂಡುತ್ತೆ.

ಮೂರನೆಯದು ಟ್ಯಾಂಕ್ ಲೆಕ್ಕ. ಮೇಲಿನವರು ಒಪ್ಪಿದರೆ ರಾತ್ರಿ ಹತ್ತಕ್ಕೆ ಎಲ್ಲ ನಲ್ಲಿ ಬಂದ್ ಮಾಡಿ ಟ್ಯಾಂಕಿನ ನೀರಿನ ಮಟ್ಟ ಅಳೆಯಿರಿ, ಬೆಳಗ್ಗೆ ಮತ್ತೆ ಅಳೆಯಿರಿ. ಟ್ಯಾಂಕಿನ ವ್ಯಾಸ 1.1 ಮೀಟರ್ ಇದ್ದರೆ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 0.95 ಚದರ ಮೀಟರ್. ಅಂದರೆ ಒಂದು ಸೆಂಟಿಮೀಟರ್ ಇಳಿದರೆ 9.5 ಲೀಟರ್ ಹೋಯಿತು. ಮೂರು ಸೆಂಟಿಮೀಟರ್ ಇಳಿದರೆ ಸುಮಾರು 28 ಲೀಟರ್, ಎರಡು ಕೊಡಕ್ಕಿಂತ ಜಾಸ್ತಿ. ತೆರೆದ ತೊಟ್ಟಿಯಾದರೆ "ಆವಿಯಾಗಿ ಹೋಗಿರಬೇಕು" ಅಂತಾರೆ. ಪಕ್ಕದಲ್ಲೇ ಒಂದು ಬಕೆಟ್ ನೀರು ಇಡಿ. ಬಕೆಟ್ಟಿನಲ್ಲಿ ಎಷ್ಟು ಇಳಿಯಿತೋ ಅಷ್ಟು ಆವಿ, ಉಳಿದದ್ದು ಸೋರಿಕೆ.

ನಾಲ್ಕನೆಯದು ಬಣ್ಣ. ಮೇಲಿನ ಬಚ್ಚಲ ನೆಲದಲ್ಲಿ ಅಡುಗೆ ಬಣ್ಣ ಕಲಸಿದ ನೀರು ಒಂದು ದಿನ ನಿಲ್ಲಿಸಿದರೆ, ಕೆಳಗೆ ಬಣ್ಣ ಬಂದರೆ ವಾದ ಮುಗಿಯಿತು. ಬರದಿದ್ದರೆ ಮಾತ್ರ "ಸೋರಿಕೆ ಇಲ್ಲ" ಅಂತ ಹೇಳೋಕಾಗಲ್ಲ. ದಪ್ಪ ಗಾರೆಯಲ್ಲಿ ಬಣ್ಣ ಸೋಸಿಹೋಗಬಹುದು.

ಇಷ್ಟರ ಜೊತೆ ಒಂದು ಸಣ್ಣ ಕೆಲಸ. ಒದ್ದೆ ಕಲೆಯ ಅಂಚಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಮುಂದಿನ ಭಾನುವಾರ ಮತ್ತೊಂದು ಗೆರೆ. ಸರ್ವೇ ಕ್ಲಾಸಿನ ಕಾಂಟೂರ್ ಮ್ಯಾಪ್ ತರಹ ಆಗುತ್ತೆ. ಕಲೆ ಯಾವ ದಿನದಿಂದ ಎಷ್ಟು ಬೆಳೆಯಿತು ಅಂತ ಗೋಡೆಯೇ ಸಾಕ್ಷಿ ಹೇಳುತ್ತೆ. ಪ್ರತಿ ಸಲ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ.

4. ಕಾಗದ

ಪರೀಕ್ಷೆ ಆಯಿತು. ಈಗ ತಿಳಿಸಬೇಕು. ಮೊದಲು ಬಾಯಲ್ಲೇ ಹೇಳಿ, ಒಳ್ಳೆ ಮಾತಲ್ಲಿ. ಎಷ್ಟೋ ಸಲ ಮೇಲಿನವರಿಗೆ ನಿಜವಾಗಲೂ ಗೊತ್ತಿರಲ್ಲ. ಅವರ ಮನೆ ನೆಲ ಒಣಗೇ ಇರುತ್ತೆ, ತೊಂದರೆ ಕಾಣೋದು ಕೆಳಗೆ ಮಾತ್ರ. ಹೇಳಿ ಹತ್ತು ದಿನ ಆದರೂ ಏನೂ ಆಗದಿದ್ದರೆ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ನಮ್ಮ ತಾಲೂಕು ಕೋರ್ಟ್‌ಗಳಲ್ಲಿ ಕನ್ನಡದಲ್ಲೇ ವ್ಯವಹಾರ ಮಾಡಬಹುದು, ಓದೋ ಪಕ್ಕದವರಿಗೂ ಕನ್ನಡ ಅರ್ಥ ಆಗುತ್ತೆ. ಒಂದು ಮಾದರಿ:

"ಮಾನ್ಯರೇ, ನಿಮ್ಮ ಮನೆಯ ಬಚ್ಚಲಿನ ಕೆಳಗಿರುವ ನಮ್ಮ ಅಡುಗೆಮನೆಯ ಗೋಡೆ ಇದೇ ತಿಂಗಳ 3ನೇ ತಾರೀಖಿನಿಂದ ಒದ್ದೆಯಾಗುತ್ತಿದೆ. 5ನೇ ತಾರೀಖು ನಿಮಗೆ ಬಾಯಿಮಾತಿನಲ್ಲಿ ತಿಳಿಸಿದ್ದೇನೆ. ನೀವು ಸ್ನಾನ ಮಾಡಿದ ಅರ್ಧ ಗಂಟೆಯ ನಂತರ ನೀರು ಹೆಚ್ಚಾಗುವುದನ್ನು ಏಳು ದಿನ ಗಮನಿಸಿ ಬರೆದಿದ್ದೇನೆ. ಇಂದಿಗೆ ಒದ್ದೆಯಾದ ಜಾಗ 1.2 ಚದರ ಮೀಟರ್ ಇದೆ. ಫೋಟೋಗಳನ್ನು ಜೊತೆಗಿಟ್ಟಿದ್ದೇನೆ. ದಯವಿಟ್ಟು 15 ದಿನದೊಳಗೆ ಪ್ಲಂಬರ್ ಕರೆಸಿ ದುರಸ್ತಿ ಮಾಡಿಸಿ. ನಾವು ಬಂದು ನೋಡಲು, ಪರೀಕ್ಷೆಗೆ ಸಹಕರಿಸಲು ಸಿದ್ಧ. ದುರಸ್ತಿ ಆಗದೆ ನಮಗೆ ಆಗುವ ನಷ್ಟಕ್ಕೆ ನೀವು ಜವಾಬ್ದಾರರಾಗುತ್ತೀರಿ."

ಇದರಲ್ಲಿ ಬೈಗುಳ ಇಲ್ಲ. ಆದರೆ ಜಾಗ, ತಾರೀಖು, ಅಳತೆ, ಕಾರಣ, ಗಡುವು ಎಲ್ಲ ಇದೆ. ಸ್ವೀಕೃತಿ ಬರೋ ಹಾಗೆ ಅಂಚೆಯಲ್ಲಿ ಕಳಿಸಿ. ತಗೊಳ್ಳೋಕೆ ನಿರಾಕರಿಸಿದರೂ ಚಿಂತೆ ಇಲ್ಲ, "ನಿರಾಕರಿಸಿದರು" ಅಂತ ಅಂಚೆಯವರು ಬರೆದು ವಾಪಸ್ ಕಳಿಸಿದ ಕವರ್ ಕೂಡ ಸಾಕ್ಷಿ. ಅದನ್ನು ಒಡೆಯಬೇಡಿ, ಹಾಗೇ ಇಡಿ. ವಾಟ್ಸಾಪ್‌ನಲ್ಲೂ ಕಳಿಸಿ. ಒಂದು ಎಚ್ಚರಿಕೆ: 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ಫೋನಿನ ಫೋಟೋ, ಮೆಸೇಜ್‌ಗಳ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕು. ಹಾಗಾಗಿ ಫೋನ್ ಬದಲಾಯಿಸೋ ಮೊದಲು ಮೂಲ ಫೈಲ್ ಉಳಿಸಿಕೊಳ್ಳಿ.

ಕಾಗದ ಕೊಟ್ಟಾಯಿತು ಅಂತ ಸುಮ್ಮನೆ ಕೂರೋ ಹಾಗಿಲ್ಲ. ನಷ್ಟ ಕಡಿಮೆ ಮಾಡೋದು ನಮ್ಮ ಕರ್ತವ್ಯ. ಅಕ್ಕಿ ಚೀಲ ಸರಿಸಬೇಕು, ಟಿವಿ ಬೇರೆ ಕಡೆ ಇಡಬೇಕು, ಒದ್ದೆ ಸ್ವಿಚ್‌ಬೋರ್ಡ್ ಬಂದ್ ಮಾಡಬೇಕು. ಸರಿಸಬಹುದಾಗಿದ್ದ ವಸ್ತುವನ್ನು ಅಲ್ಲೇ ಬಿಟ್ಟು ಹಾಳಾಗೋಕೆ ಬಿಟ್ಟರೆ ಆ ದುಡ್ಡು ಸಿಗಲ್ಲ. ಹಾಗೇ ಸಿಟ್ಟಲ್ಲಿ ಅವರ ಮಾಳಿಗೆ ಹತ್ತಿ ಪೈಪ್ ಕತ್ತರಿಸಿದರೆ ತಪ್ಪು ನಮ್ಮ ಕಡೆ ಬರುತ್ತೆ.

5. ಎಷ್ಟು ಕೇಳಬೇಕು?

ಪರಿಹಾರದ ಉದ್ದೇಶ ನಮ್ಮನ್ನು ಮೊದಲಿದ್ದ ಸ್ಥಿತಿಗೆ ತರೋದು, ಅದಕ್ಕಿಂತ ಮೇಲಕ್ಕಲ್ಲ. ಒಂದು ಲೆಕ್ಕ ಮಾಡೋಣ. ದರಗಳು ಉದಾಹರಣೆಗೆ ಮಾತ್ರ.

ಗೋಡೆ 3 ಮೀಟರ್ ಅಗಲ, 2.7 ಮೀಟರ್ ಎತ್ತರ, ಅಂದರೆ 8.1 ಚದರ ಮೀಟರ್. ಹಳೇ ಗಾರೆ ಕೆತ್ತಿ ಹೊಸದು ಮಾಡೋಕೆ ಚದರ ಮೀಟರಿಗೆ 450 ರೂಪಾಯಿ ಅಂದರೆ 3,645. ಬಣ್ಣಕ್ಕೆ ಚದರ ಮೀಟರಿಗೆ 150ರಂತೆ 1,215. ಆದರೆ ಹಳೇ ಬಣ್ಣ ಐದು ವರ್ಷ ಬಾಳೋದು, ಮೂರು ವರ್ಷ ಆಗಿತ್ತು. ಉಳಿದ ಐದರಲ್ಲಿ ಎರಡು ಭಾಗ, 486. ಟಿವಿ 24,000ದ್ದು, ಎಂಟು ವರ್ಷದ ಆಯುಷ್ಯದಲ್ಲಿ ಮೂರು ಮುಗಿದಿತ್ತು, ಉಳಿದದ್ದು 15,000. ಅಕ್ಕಿ 50 ಕೆಜಿ, ಕೆಜಿಗೆ 50ರಂತೆ 2,500. ವೈರಿಂಗ್ 1,200. ಸೋರಿಕೆ ಹುಡುಕಿದ ಪ್ಲಂಬರ್‌ಗೆ 800. ಒಟ್ಟು 23,631 ರೂಪಾಯಿ.

ಎಲ್ಲಾ ಹೊಸದರ ಬೆಲೆಗೆ ಕೇಳಿದ್ದರೆ 33,360 ಆಗ್ತಿತ್ತು. ಆದರೆ ಎದುರಿನ ವಕೀಲರು ಕೇಳೋ ಮೊದಲ ಪ್ರಶ್ನೆನೇ "ಟಿವಿ ಎಷ್ಟು ವರ್ಷದ್ದು?" ಅಂತ. ಒಂದು ಅಂಕಿ ಉಬ್ಬಿಸಿದ್ದು ಗೊತ್ತಾದರೆ ಉಳಿದ ಅಂಕಿಗಳ ಮೇಲೂ ನಂಬಿಕೆ ಹೋಗುತ್ತೆ. ಗಾರೆ, ಬಣ್ಣದ ದರಕ್ಕೆ ಲೋಕೋಪಯೋಗಿ ಇಲಾಖೆಯ ದರಪಟ್ಟಿ ಇರುತ್ತೆ, ಸಿವಿಲ್ ವಿದ್ಯಾರ್ಥಿಗಳಿಗೆ ಎಸ್.ಆರ್. ಅಂತ ಪರಿಚಯ. ಅದರ ಜೊತೆ ಇಬ್ಬರು ಮೇಸ್ತ್ರಿಗಳ ಲಿಖಿತ ಅಂದಾಜು ಇದ್ದರೆ ಲೆಕ್ಕ ಗಟ್ಟಿ.

ಈಗ ಪೆನ್ಸಿಲ್ ಗೆರೆ ನೆನಪಿಸಿಕೊಳ್ಳಿ. ಕಾಗದ ಕೊಟ್ಟ ದಿನ 1.2 ಚದರ ಮೀಟರ್, ಎರಡು ತಿಂಗಳ ಮೇಲೆ ಇಡೀ 8.1. ಅಂದರೆ 6.9 ಚದರ ಮೀಟರ್ ಹಾಳಾಗಿದ್ದು ಅವರಿಗೆ ಗೊತ್ತಾದ ಮೇಲೆ. ಲೆಕ್ಕದಲ್ಲಿ ಈ ಎರಡನ್ನು ಬೇರೆ ಬೇರೆ ತೋರಿಸಿ. ಮೊದಲ ಭಾಗದ ಮೇಲೆ ವಾದ ನಡೆಯಬಹುದು. ಎರಡನೇ ಭಾಗಕ್ಕೆ ಅವರ ಹತ್ತಿರ ಉತ್ತರ ಕಡಿಮೆ.

6. ಯಾರನ್ನು ಕೇಳಬೇಕು, ಎಲ್ಲಿ ಕೇಳಬೇಕು?

ಮೇಲಿನ ಮನೆಯಲ್ಲಿ ಬಾಡಿಗೆಯವರಿದ್ದರೆ? ನಲ್ಲಿ ಬಿಟ್ಟು ಊರಿಗೆ ಹೋಗಿದ್ದರೆ ಬಾಡಿಗೆಯವರ ತಪ್ಪು. ಗೋಡೆಯೊಳಗಿನ ಪೈಪ್ ಹಳತಾಗಿದ್ದರೆ ಸಾಮಾನ್ಯವಾಗಿ ಮಾಲೀಕರದ್ದು. ಗೊತ್ತಿಲ್ಲದಿದ್ದರೆ ಇಬ್ಬರಿಗೂ ಕಾಗದ ಕೊಡಿ. ಕೆಳಗೆ ನಾವೇ ಬಾಡಿಗೆಗಿದ್ದರೆ ನಮ್ಮ ಸಾಮಾನಿನ ನಷ್ಟ ನಾವು ಕೇಳಬಹುದು, ಗೋಡೆಯ ನಷ್ಟ ನಮ್ಮ ಮಾಲೀಕರು ಕೇಳಬೇಕು.

ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಅಪಾರ್ಟ್‌ಮೆಂಟ್‌ನಲ್ಲಿ ಇರೋವರಿಗೆ ಒಂದು ಮಾತು. ಎಲ್ಲರಿಗೂ ಸೇರಿದ ಪೈಪ್ ಆದರೆ ಅಸೋಸಿಯೇಷನ್ ಕೇಳಬೇಕು. ಕಟ್ಟಿದ್ದೇ ಸರಿ ಇಲ್ಲ ಅಂದರೆ ರೇರಾ ಕಾಯ್ದೆಯ 14ನೇ ಕಲಂ ಇದೆ. ಮನೆ ಸ್ವಾಧೀನಕ್ಕೆ ಕೊಟ್ಟ 5 ವರ್ಷದೊಳಗೆ ರಚನೆಯ ಅಥವಾ ಕೆಲಸದ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿ ಮಾಡಬೇಕು. ಗ್ರಾಹಕರ ಆಯೋಗಕ್ಕೆ ಬಿಲ್ಡರ್ ವಿರುದ್ಧ ಹೋಗಬಹುದು, ಗಡುವು 2 ವರ್ಷ. ಪಕ್ಕದ ಮನೆಯವರ ವಿರುದ್ಧ ಹೋಗೋಕಾಗಲ್ಲ, ಅವರು ನಮಗೆ ಸೇವೆ ಮಾರಿದವರಲ್ಲ. ಮನೆಗೆ ವಿಮೆ ಇದ್ದರೆ ಮೊದಲು ಪಾಲಿಸಿ ಓದಿ. 2021ರ ಏಪ್ರಿಲ್‌ನಿಂದ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಟ್ಯಾಂಕ್, ಪೈಪ್ ಒಡೆದು ಅಥವಾ ತುಂಬಿ ಹರಿದು ಆಗೋ ಹಾನಿ ಸೇರಿದೆ.

ಪೊಲೀಸ್ ಠಾಣೆಗೆ ಹೋದರೆ "ಇದು ಸಿವಿಲ್ ಮ್ಯಾಟರ್" ಅಂತಾರೆ, ಹೆಚ್ಚಾಗಿ ಅದು ಸರಿನೇ. ಗೋಡೆ ಕುಸಿಯೋ ಹಾಗಿದ್ದರೆ ಮಾತ್ರ ತಡಮಾಡದೆ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಗೆ ಅರ್ಜಿ ಕೊಡಿ, ಆ ಕೋಣೆಯಲ್ಲಿ ಮಲಗೋದು ನಿಲ್ಲಿಸಿ.

ದುಡ್ಡಿಗಾಗಿ ಮೊದಲ ಬಾಗಿಲು ತಾಲೂಕು ಕಾನೂನು ಸೇವಾ ಸಮಿತಿ. ಇದು ಕೋರ್ಟ್ ಆವರಣದಲ್ಲೇ ಇರುತ್ತೆ. ಇನ್ನೂ ದಾವೆ ಹಾಕದ ಜಗಳವನ್ನೂ ಲೋಕ ಅದಾಲತ್‌ಗೆ ತರಬಹುದು, ಕೋರ್ಟ್ ಫೀ ಇಲ್ಲ. ಅಲ್ಲಿ ಆದ ರಾಜಿ ಕೋರ್ಟ್ ಡಿಕ್ರಿಗೆ ಸಮ, ಅದರ ಮೇಲೆ ಅಪೀಲೂ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ವಕೀಲರ ನೆರವು ಉಚಿತ. ಸಹಾಯವಾಣಿ 15100. ಪಕ್ಕದವರ ಜೊತೆ ಮುಂದೆಯೂ ಬಾಳಬೇಕಾದವರಿಗೆ ಇದೇ ಒಳ್ಳೆ ದಾರಿ. ದುಡ್ಡನ್ನು ಕಂತಿನಲ್ಲಿ ಕೊಡೋದು, ದುರಸ್ತಿಗೆ ತಾರೀಖು ಹಾಕೋದು, ಇಂಥವೆಲ್ಲ ರಾಜಿಯಲ್ಲಿ ಸಾಧ್ಯ.

ಅವರು ರಾಜಿಗೆ ಬರದಿದ್ದರೆ ಸಿವಿಲ್ ದಾವೆ. ಮನೆ ಯಾವ ಕೋರ್ಟಿನ ವ್ಯಾಪ್ತಿಯಲ್ಲಿದೆಯೋ ಅಲ್ಲೇ ಹಾಕಬೇಕು. ಕುಷ್ಟಗಿ ಮನೆಗೆ ಕುಷ್ಟಗಿ, ಗಂಗಾವತಿ ಮನೆಗೆ ಗಂಗಾವತಿ. ನಷ್ಟದ ದುಡ್ಡಿನ ಜೊತೆ ಸೋರಿಕೆ ನಿಲ್ಲಿಸೋ ಆದೇಶವನ್ನೂ ಕೇಳಬಹುದು. ಅದನ್ನು ಮರೆತರೆ ದುಡ್ಡು ಬರುತ್ತೆ, ನೀರು ನಿಲ್ಲಲ್ಲ. "ಅವರು ಮನೆಯೊಳಗೆ ಬಿಡ್ತಿಲ್ಲ, ಪರೀಕ್ಷೆ ಹೇಗೆ ಮಾಡೋದು?" ಅನ್ನೋ ಕಷ್ಟಕ್ಕೂ ಉತ್ತರ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದ ಪ್ರಕಾರ ಕೋರ್ಟ್ ಒಬ್ಬ ಕಮಿಷನರ್‌ನ ನೇಮಿಸಿ ಸ್ಥಳ ಪರಿಶೀಲನೆ ಮಾಡಿಸಬಹುದು. ಇದನ್ನು ಬೇಗ ಕೇಳಬೇಕು. ಬೇಸಿಗೆ ಬಂದು ಗೋಡೆ ಒಣಗಿದ ಮೇಲೆ ಕಮಿಷನರ್ ಏನು ನೋಡ್ತಾರೆ?

ಗಡುವು ಸಾಮಾನ್ಯವಾಗಿ 3 ವರ್ಷ, 1963ರ ಪರಿಮಿತಿ ಕಾಯ್ದೆ ಪ್ರಕಾರ. ಹಾನಿ ನಿಲ್ಲದೆ ಮುಂದುವರಿಯುತ್ತಿದ್ದರೆ 22ನೇ ಕಲಂ ಪ್ರಕಾರ ಅವಧಿ ಹೊಸದಾಗಿ ಶುರುವಾಗ್ತಾ ಇರುತ್ತೆ. ಆದರೆ ಇದನ್ನೇ ನಂಬಿ ಕೂರಬೇಡಿ. ಹಳೇ ನಷ್ಟಕ್ಕೆ ಸಾಕ್ಷಿ ದಿನದಿನಕ್ಕೂ ಕರಗುತ್ತೆ.

7. ಹೊಲದ ನೀರಿಗೆ ಒಂದು ಮಾತು

ಗಂಗಾವತಿ ಕಡೆಯ ಗೆಳೆಯರು "ನಮ್ಮ ಮೇಲಿನ ಗದ್ದೆಯವರ ನೀರು?" ಅಂತ ಕೇಳೋದು ಖಂಡಿತ. ಎಡದಂಡೆ ಕಾಲುವೆ ಬಯಲಲ್ಲಿ ಇದು ದಿನದ ಮಾತು. ಮಳೆ ನೀರು ಇಳಿಜಾರಿಗೆ ತಾನಾಗಿ ಹರಿದು ಬಂದರೆ ಕೆಳಗಿನ ಹೊಲದವರು ತಡಕೊಳ್ಳಬೇಕು, ಅದು ಭೂಮಿಯ ಸಹಜ ಗುಣ. 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಕಲಂನ ಉದಾಹರಣೆಗಳಲ್ಲೂ ಇದು ಇದೆ. ಆದರೆ ಕಾಲುವೆಯಿಂದ ತಂದು ನಿಲ್ಲಿಸಿದ ನೀರನ್ನು ಬದು ಒಡೆದು ಪಕ್ಕದ ಕಡಲೆ ಹೊಲಕ್ಕೆ ಬಿಟ್ಟರೆ ಅದು ಸಹಜ ಹರಿವು ಅಲ್ಲ. ಅಲ್ಲಿಗೂ ಇದೇ ಪಾಠ: ಮೂಲ ಹುಡುಕಿ, ಅಳೆಯಿರಿ, ತಾರೀಖು ಹಾಕಿ ತಿಳಿಸಿ.

ನಮ್ಮ ಓಣಿಗಳಲ್ಲಿ ಗೋಡೆ ಒದ್ದೆಯಾಗಿ ಕೂತವರಲ್ಲಿ ಎಷ್ಟೋ ಮಂದಿಗೆ ಹತ್ತು ಸಾಲಿನ ಕಾಗದ ಬರೆಯೋದೇ ದೊಡ್ಡ ಕೆಲಸ. ಒಬ್ಬರೇ ಇರೋ ಅಜ್ಜಿಗೆ, ಬೆಳಗ್ಗೆ ಕೂಲಿಗೆ ಹೋಗಿ ರಾತ್ರಿ ಬರೋ ಮನೆಯವರಿಗೆ ತಾರೀಖು, ಅಳತೆ, ಫೋಟೋ ಅಂದರೆ ಯಾರು ಮಾಡಿಕೊಡಬೇಕು? ಟೇಪ್ ಹಿಡಿಯೋಕೆ ಬರುತ್ತೆ, ವಿಸ್ತೀರ್ಣ ಲೆಕ್ಕ ಮಾಡೋಕೆ ಬರುತ್ತೆ, ಕನ್ನಡ ಸಂಘದಲ್ಲಿ ಇರೋದರಿಂದ ನಾಲ್ಕು ಸಾಲು ಬರೆಯೋಕೂ ಬರುತ್ತೆ. ರಜೆಗೆ ಊರಿಗೆ ಹೋದಾಗ ಒಂದು ಪೆನ್ಸಿಲ್, ಒಂದು ಟೇಪ್, ಮೇಲಿನ ಮಾದರಿ ಕಾಗದ ಜೊತೆಗಿರಲಿ. ಮುಂದಿನ ಮಳೆಗಾಲದ ಮೊದಲು ಬೇಕಾಗಬಹುದು.